ಅಗಲದ ಸ್ಕೀ ಹಾಕಿದ ಮೇಲೆ ನೀವು ಇಳಿಯುವ ರೀತಿ, ಇಳಿಯುವ ಜಾಗ ಬದಲಾಯ್ತಾ?

ಒಂಟಿಕೊಪ್ಪಲ್_ಹುಡುಗ

ಚಳಿಗಾಲ ಬಂತೆಂದರೆ ನಮ್ಮ ಮೈಸೂರಿನ ಗುಂಪು ಕಾಲಿಗೆ ಸ್ಕೀ ಹಲಗೆ ಕಟ್ಟಿ ಹಿಮದ ಮೇಲೆ ಜಾರಲು ಕಾಶ್ಮೀರದ ಗುಲ್ಮಾರ್ಗ್ ಕಡೆ ಹೊರಡುತ್ತದೆ. ಮೊದಲೆಲ್ಲ ಒಂದೇ ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿಯುತ್ತಿದ್ದೆವು. ಈಗ ಅರ್ಧ ಜನ ಅಗಲದ ಸ್ಕೀ ಹಿಡಿದಿದ್ದಾರೆ. ಉಳಿದವರು ಹಳೆಯದರಲ್ಲೇ ಇದ್ದಾರೆ. ಬೆಳಿಗ್ಗೆ ಒಟ್ಟಿಗೆ ಗೊಂಡೋಲಾ, ಅಂದರೆ ಕೇಬಲ್ ಕಾರ್ ಹತ್ತುತ್ತೇವೆ, ಮತ್ತೆ ಮುಖ ನೋಡುವುದು ಸಂಜೆ ಕಹ್ವಾ ಕುಡಿಯುವಾಗಲೇ. ಜಗಳ ಏನಿಲ್ಲ. ಕಾಲಿಗೆ ಕಟ್ಟಿದ್ದು ಬೇರೆಯಾಯಿತು, ಹೋಗುವ ಜಾಗವೂ ಬೇರೆಯಾಯಿತು.

ಹೊಸಬರಿಗೆ ಒಂದು ಮಾತು. ಸ್ಕೀ ಮೇಲೆ 121-74-106 ಅಂತ ಮೂರು ಸಂಖ್ಯೆ ಅಚ್ಚಾಗಿರುತ್ತದೆ. ಮುಂದಿನ ತುದಿ, ನಡು, ಹಿಂದಿನ ತುದಿ ಎಷ್ಟು ಅಗಲ ಅಂತ, ಮಿಲಿಮೀಟರ್ ಲೆಕ್ಕದಲ್ಲಿ. ಚರ್ಚೆ ಎಲ್ಲ ನಡುವಿನ ಸಂಖ್ಯೆಯದು. ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಲಾಲಂ ರೇಸಿನ ಸ್ಕೀ 65ರ ಆಸುಪಾಸು. ಹದ ಮಾಡಿದ ಗಟ್ಟಿ ಹಿಮಕ್ಕೆ 70ರಿಂದ 80. ಎಲ್ಲಾ ಕಡೆ ನಡೆಯಲಿ ಅನ್ನುವವರಿಗೆ 85ರಿಂದ 100. ಅದರ ಮೇಲಿನದು ಮೆತ್ತನೆ ಹಿಮಕ್ಕೆ, ಅಂದರೆ ಪೌಡರ್‌ಗೆ. ಈ ಥ್ರೆಡ್‌ನಲ್ಲಿ 80ಕ್ಕಿಂತ ಕಮ್ಮಿ ಇರುವುದಕ್ಕೆ ಸಣ್ಣ ಸ್ಕೀ ಅಂತಲೇ ಬರೆಯುತ್ತೇನೆ.

ನಾನು 74ರಿಂದ 108ಕ್ಕೆ ಹೋದವನು. ಅಗಲ ಜಾಸ್ತಿಯಾದರೆ ಸ್ಕೀಯಿಂಗ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಪೌಡರ್‌ನಲ್ಲಿ ಸುಲಭ, ನಿಜ. ಆದರೆ ಹಾಕಿದ ದಿನದಿಂದ ನಾನು ತಿರುವು ಹೊಡೆಯುವುದೇ ಕಮ್ಮಿಯಾಯಿತು. ಮೊದಲು ಇಳಿಜಾರು ನೋಡಿದರೆ ಎಲ್ಲಿ ತಿರುಗಬೇಕು ಅಂತ ಯೋಚಿಸುತ್ತಿದ್ದೆ. ಈಗ ಗೊಂಡೋಲಾದಲ್ಲಿ ಕೂತು ಯಾವ ಕಾಡಿನ ಸಂದಿಯಲ್ಲಿ ಇನ್ನೂ ಯಾರೂ ಇಳಿದಿಲ್ಲ ಅಂತ ಹುಡುಕುತ್ತೇನೆ. ನಿಮಗೂ ಹೀಗೇ ಆಗಿದೆಯಾ?

ಹೊಸಬ_ಹೆಬ್ಬಾಳ

ಸಾರ್, ಮೈಸೂರಿನಲ್ಲಿ ಸ್ಕೀ ಗುಂಪು ಇದೆ ಅನ್ನೋದೇ ನನಗೆ ಇವತ್ತು ಗೊತ್ತಾಗಿದ್ದು 😀 ನಾನು ಬರುವ ಫೆಬ್ರವರಿಗೆ ಮೊದಲ ಸಲ ಹೋಗ್ತಿದ್ದೀನಿ. ಅಗಲದ್ದೇ ತಗೊಳ್ಳಲಾ?

ಒಂಟಿಕೊಪ್ಪಲ್_ಹುಡುಗ

ಬೇಡ. ಯಾಕೆ ಅಂತ ಮುಂದೆ ಬರುತ್ತೆ, ಸ್ವಲ್ಪ ತಡೀರಿ.

ಮಂಡ್ಯ_ಮೇಷ್ಟ್ರು

ನಾನು ಸ್ಕೀ ಮಾಡಿದ್ದು ಕಮ್ಮಿ, ಭೌತಶಾಸ್ತ್ರ ಪಾಠ ಮಾಡಿದ್ದು ಜಾಸ್ತಿ. ಒಂದು ಲೆಕ್ಕ ಕೊಡುತ್ತೇನೆ.

ಬಟ್ಟೆ, ಬೂಟು, ಬ್ಯಾಗು ಸೇರಿ ಮನುಷ್ಯ 80 ಕಿಲೋ ಅಂತಿಟ್ಟುಕೊಳ್ಳಿ. ಸಣ್ಣ ಸ್ಕೀ 170 ಸೆಂ.ಮೀ. ಉದ್ದ, ತುದಿಗಳನ್ನೂ ಸೇರಿಸಿ ಸರಾಸರಿ 8.5 ಸೆಂ.ಮೀ. ಅಗಲ. ಎರಡಕ್ಕೂ ಸೇರಿ 2,890 ಚದರ ಸೆಂ.ಮೀ. ಆಯಿತು. ಒಂದು ಚದರ ಸೆಂ.ಮೀ. ಮೇಲೆ ಬೀಳುವ ಭಾರ ಸುಮಾರು 28 ಗ್ರಾಂ. ಅಗಲದ ಸ್ಕೀ 184 ಸೆಂ.ಮೀ. ಉದ್ದ, ಸರಾಸರಿ 12.8 ಅಗಲ ಅಂದರೆ ಎರಡಕ್ಕೂ ಸೇರಿ ಸುಮಾರು 4,710. ಈಗ ಭಾರ 17 ಗ್ರಾಂ. ಮನುಷ್ಯ ಅವನೇ, ಹಿಮವೂ ಅದೇ, ಒತ್ತಡ ಮಾತ್ರ ಸುಮಾರು ಶೇ 40 ಇಳಿಯಿತು.

ನಮ್ಮ ಮದ್ದೂರು ಕಡೆ ಬನ್ನಿ. ನಾಟಿಗೆ ಗದ್ದೆ ಹದ ಮಾಡುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಬರೀ ಟೈರಲ್ಲಿ ಇಳಿದರೆ ಕೆಸರಲ್ಲಿ ಹೂತು ಕೂರುತ್ತದೆ. ಅದೇ ಕೇಜ್ ವೀಲ್ ಹಾಕಿಕೊಂಡು ಟಾರ್ ರಸ್ತೆಗೆ ಬಂದರೆ? ಗಾಡಿಗೂ ಸುಖ ಇಲ್ಲ, ರಸ್ತೆಗೂ ಇಲ್ಲ.

ಒಂಟಿಕೊಪ್ಪಲ್_ಹುಡುಗ

ಮೇಷ್ಟ್ರೇ, ಇದನ್ನು ನಮ್ಮ ಗುಂಪಿನಲ್ಲಿ ಹೇಳಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತಿತ್ತು.

ಫೌಜಿ_ಶ್ರೀರಂಗಪಟ್ಟಣ

ಒತ್ತಡದ ಲೆಕ್ಕ ಸರಿ. ಆದರೆ ಹಿಮದ ಮೇಲೆ ತೇಲೋದೇ ಸ್ಕೀಯಿಂಗ್ ಅಲ್ಲ ಸ್ವಾಮಿ.

ನಾನು ಸೈನ್ಯದಲ್ಲಿದ್ದಾಗ ಗುಲ್ಮಾರ್ಗ್‌ನಲ್ಲೇ ಕಲಿತವನು. ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಇರುವುದು ಅಲ್ಲೇ. ಆಗ ನಮಗೆ ಕೊಡುತ್ತಿದ್ದುದು ಉದ್ದನೆ, ನೆಟ್ಟಗಿನ, ಅಗಲವೇ ಇಲ್ಲದ ಸ್ಕೀ. ಆಳದ ಹಿಮದಲ್ಲಿ ಅದನ್ನು ಹಾಕಿಕೊಂಡು ಇಳಿಯಬೇಕಾದರೆ ಎರಡೂ ಕಾಲು ಅಂಟಿಸಿದ ಹಾಗೆ ಇಡಬೇಕು. ಒಂದು ಕಾಲಿಗೆ ಭಾರ ಜಾಸ್ತಿ ಬಿತ್ತೋ, ಆ ಸ್ಕೀ ಒಳಗೆ ಹೋಯ್ತು, ಇನ್ನೊಂದು ಮೇಲೆ ಉಳೀತು, ನೀವು ನಡುವೆ ಮಗುಚಿದಿರಿ. ಮೊಣಕಾಲು ಮಡಿಸಿ ಹಿಮವನ್ನು ಅದುಮಬೇಕು. ಅದು ಮೇಲಕ್ಕೆ ತಳ್ಳುವ ಹೊತ್ತಿಗೆ ಭಾರ ಹಗುರ ಆಗುತ್ತದೆ, ಆ ಒಂದು ಕ್ಷಣದಲ್ಲಿ ತಿರುಗಬೇಕು. ಮತ್ತೆ ಅದುಮು, ಮತ್ತೆ ತಿರುಗು. ತಾಳ ತಪ್ಪಿದರೆ ಬಿದ್ದಿರಿ. ಪ್ರತಿ ತಿರುವಿಗೂ ಕೋಲು ಚುಚ್ಚಬೇಕು, ತಾಳ ಹಿಡಿಯುವುದೇ ಅದರಿಂದ.

ಹಾಗೆ ಇಳಿದವನ ಗೆರೆ ಹಿಂದೆ ತಿರುಗಿ ನೋಡಿದರೆ ಒಂದೇ ಅಳತೆಯ ಸಣ್ಣ ಸಣ್ಣ ಬಳುಕು. ಇವತ್ತಿನ ಹುಡುಗರ ಗೆರೆ ನೋಡಿ. ಬೆಟ್ಟದ ಮೇಲಿಂದ ಕೆಳಕ್ಕೆ ನಾಲ್ಕು ಬಾಗು, ಮುಗೀತು. ಕಷ್ಟ ಇಲ್ಲದೆ ಕಲಿತದ್ದು ಕಲಿಕೆಯಾ?

ಪಾಂಡವಪುರ_ಯೂಟಾ

ಫೌಜಿ ಸಾರ್, ನಮಸ್ಕಾರ. ಊರು ಪಾಂಡವಪುರ, ಕೆಲಸ ಅಮೆರಿಕದ ಯೂಟಾದಲ್ಲಿ. ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಸ್ವಲ್ಪ ಎದುರು ಹೇಳ್ತೀನಿ.

ಕಾಲು ಜೋಡಿಸಬೇಕಾಗಿ ಬಂದಿದ್ದು ಆ ಸ್ಕೀ ಮುಳುಗುತ್ತಿತ್ತು ಅಂತ. ಮುಳುಗುವುದು ನಿಂತ ಮೇಲೆ ಕಾಲು ಯಾಕೆ ಜೋಡಿಸಬೇಕು? ಅಗಲದ್ದು ಹಾಕಿದ ಮೇಲೆ ಕಾಲುಗಳು ತಾವಾಗಿಯೇ ಸೊಂಟದಷ್ಟು ದೂರಕ್ಕೆ ಹೋಗುತ್ತವೆ. ಹಿಂದಕ್ಕೆ ವಾಲುವ ಅಭ್ಯಾಸವೂ ಬಿಡಬೇಕು. ಹಳೇ ಸ್ಕೀಯ ಮೂತಿ ಹಿಮದೊಳಗೆ ನುಗ್ಗಬಾರದು ಅಂತ ಎಷ್ಟೋ ಜನ ಹಿಮ್ಮಡಿ ಮೇಲೆ ಕೂರುತ್ತಿದ್ದರು, ತೊಡೆ ಉರಿಯುತ್ತಿದ್ದುದೂ ಅದಕ್ಕೇ. ಈಗಿನವು ಅಗಲ ಮಾತ್ರ ಅಲ್ಲ, ಮೂತಿ ತುದಿಗಿಂತ ಸಾಕಷ್ಟು ಹಿಂದಿನ ಭಾಗದಿಂದಲೇ ಮೇಲಕ್ಕೆ ಬಾಗಿರುತ್ತದೆ. ಅದಕ್ಕೆ ರಾಕರ್ ಅಂತಾರೆ. ಬೂಟಿನ ಮುಂಭಾಗಕ್ಕೆ ಮೊಣಕಾಲ ಕೆಳಗಿನ ಎಲುಬು ಒತ್ತಿಕೊಂಡು ನಡುವಲ್ಲಿ ನಿಂತರೆ ಸಾಕು.

ಇನ್ನೊಂದು ಹೊಸ ವಿದ್ಯೆಯೂ ಬಂತು. ಸಣ್ಣ ಸ್ಕೀಯಲ್ಲಿ ಆಳದ ಹಿಮದೊಳಗೆ ಪಕ್ಕಕ್ಕೆ ಜಾರುವುದು ಆಗದ ಮಾತು, ಅಂಚು ಸಿಕ್ಕಿಕೊಳ್ಳುತ್ತದೆ. ರಾಕರ್ ಇರುವ ಅಗಲದ ಸ್ಕೀಯನ್ನು ಅಡ್ಡ ತಿರುಗಿಸಿ ಬೆಣ್ಣೆ ಸವರಿದ ಹಾಗೆ ಜಾರಿಸಬಹುದು. ವೇಗ ಇಳಿಯುತ್ತದೆ, ತಿರುವು ಪೂರ್ತಿ ಮಾಡಬೇಕಿಲ್ಲ. ಮರಗಳ ನಡುವೆ ಇಳಿಯುವವರಿಗೆ ಇದೇ ಜೀವಾಳ. ನಾಲ್ಕು ಬಾಗು ಹಾಕುವವರಿಗೂ ವಿದ್ಯೆ ಇದೆ ಸಾರ್, ಬೇರೆ ವಿದ್ಯೆ ಅಷ್ಟೇ.

ಸ್ವಲ್ಪ ಇತಿಹಾಸ. 1980ರ ದಶಕದ ಕೊನೆಗೆ ಆಸ್ಟ್ರಿಯಾದ ಅಟಾಮಿಕ್ ಕಂಪನಿ ಭಾರೀ ಅಗಲದ ಸ್ಕೀ ತಂದಾಗ ಚೆನ್ನಾಗಿ ಸ್ಕೀ ಮಾಡುವವರು ನಕ್ಕರು. ಅದನ್ನು ಮೊದಲು ಅಪ್ಪಿಕೊಂಡಿದ್ದು ಕೆನಡಾದಲ್ಲಿ ಹೆಲಿಕಾಪ್ಟರಿನಲ್ಲಿ ಬೆಟ್ಟಕ್ಕೆ ಹೋಗುವ ಗಿರಾಕಿಗಳು. ದುಡ್ಡು ಇತ್ತು, ವಯಸ್ಸಾಗಿತ್ತು, ಮಧ್ಯಾಹ್ನಕ್ಕೇ ಕಾಲು ಸೋಲುತ್ತಿತ್ತು. ಅಗಲದ್ದು ಹಾಕಿದ ಮೇಲೆ ಸಂಜೆವರೆಗೂ ಇಳಿದರು. ಆಮೇಲೆ ಶೇನ್ ಮೆಕಾಂಕಿ. ಅಲಾಸ್ಕಾದ ಹಿಮದಲ್ಲಿ ನೀರಿನ ಮೇಲೆ ಜಾರುವ ವಾಟರ್ ಸ್ಕೀ ಹಾಕಿಕೊಂಡು ಇಳಿದ ಆಸಾಮಿ. ಅವನ ಯೋಚನೆಯಿಂದಲೇ ವೊಲಾಂಟ್ ಕಂಪನಿಯ ಸ್ಪ್ಯಾಚುಲಾ ಬಂತು, 2000ದ ದಶಕದ ಶುರುವಿನಲ್ಲಿ. ಎಲ್ಲ ಸ್ಕೀ ನಡುವಲ್ಲಿ ಕಿರಿದಾದರೆ ಅದು ನಡುವಲ್ಲೇ ಅಗಲ, ತುದಿಗಳಲ್ಲಿ ಕಿರಿದು. ತುದಿಗಳೆರಡೂ ಮೇಲಕ್ಕೆ. 2009ರಲ್ಲಿ ಇಟಲಿಯ ಡೋಲೊಮೈಟ್ಸ್‌ನಲ್ಲಿ ಬಂಡೆಯಿಂದ ಸ್ಕೀ ಸಮೇತ ಹಾರುವಾಗ ಅವನು ತೀರಿಕೊಂಡ. ಇವತ್ತು ಅಂಗಡಿಯಲ್ಲಿ ಸಿಗುವ ಪೌಡರ್ ಸ್ಕೀಗಳಲ್ಲಿ ಅವನ ಐಡಿಯಾ ಒಂದಿಷ್ಟಾದರೂ ಇದ್ದೇ ಇರುತ್ತದೆ.

ಫೌಜಿ_ಶ್ರೀರಂಗಪಟ್ಟಣ

ಮರಗಳ ಮಾತು ಒಪ್ಪಿದೆ. ನಾಲ್ಕು ಬಾಗಿನದು ಒಪ್ಪಿಲ್ಲ.

ಫಿಸಿಯೋ_ಸರಸ್ವತಿಪುರಂ

ಇಷ್ಟು ಹೊತ್ತು ಯಾರೂ ಮಂಡಿಯ ವಿಚಾರ ಎತ್ತಲಿಲ್ಲ, ಅಲ್ವಾ? ನಾನು ಎತ್ತುತ್ತೇನೆ. ಸ್ಕೀಗೆ ಹೋಗಿ ಬಂದವರು ನನ್ನ ಹತ್ತಿರ ಬರುವುದು ಮಂಡಿ ಹಿಡಿದುಕೊಂಡೇ.

ಸ್ಕೀ ಬೂಟಿನ ಅಡಿ ಸುಮಾರು 70 ಮಿ.ಮೀ. ಅಗಲ ಇರುತ್ತದೆ. ನಿಮ್ಮ ಸ್ಕೀ 74 ಇದ್ದರೆ ಅದರ ಕಬ್ಬಿಣದ ಅಂಚು ಹೆಚ್ಚುಕಮ್ಮಿ ಬೂಟಿನ ಅಂಚಿನ ಕೆಳಗೇ ಇದೆ. ಸ್ಕೀ 110 ಆದರೆ ಅಂಚು ಬೂಟಿನಿಂದ ಒಂದೊಂದು ಬದಿಗೂ 20 ಮಿ.ಮೀ. ಆಚೆ ಹೋಯಿತು. ಗಟ್ಟಿ ಹಿಮದಲ್ಲಿ ತಿರುಗುವಾಗ ನೀವು ನಿಂತಿರುವುದು ಆ ಅಂಚಿನ ಮೇಲೆ ಮಾತ್ರ. ನೆಲ ಅಂಚನ್ನು ಮೇಲಕ್ಕೆ ಒತ್ತುತ್ತದೆ, ನಿಮ್ಮ ಪಾದ ಅದರಿಂದ ದೂರ ಇದೆ. ಸ್ಕೀಗೆ ಮತ್ತೆ ಚಪ್ಪಟೆ ಮಲಗುವ ಆತುರ. ಅದು ಮಲಗದ ಹಾಗೆ ಹಿಡಿದಿಡುವ ಕೆಲಸ ಬೀಳುವುದು ಮಂಡಿ ಮೇಲೆ, ತೊಡೆಯ ಒಳಭಾಗದ ಮೇಲೆ. ಬೂಟು ಬಿಗಿ ಇರುವುದರಿಂದ ಪಾದದ ಗಂಟು ಹೆಚ್ಚು ಅಲ್ಲಾಡುವುದಿಲ್ಲ, ತಿರುಚುವ ಬಲವೆಲ್ಲ ಮೇಲಕ್ಕೆ ಹೋಗುತ್ತದೆ.

ಮೆತ್ತನೆ ಹಿಮದಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಸ್ಕೀಯ ಇಡೀ ಅಡಿಗೆ ಹಿಮ ಆಸರೆ ಕೊಡುತ್ತದೆ.

ಅದಕ್ಕೇ ನೋಡಿ, ಅಗಲದವರು ಗಟ್ಟಿ ಇಳಿಜಾರಿನಲ್ಲಿ ಅಂಚು ಕಮ್ಮಿ ಹಾಕುತ್ತಾರೆ, ಚಪ್ಪಟೆಯಾಗಿ ಜಾರಿಕೊಂಡು ಬರುತ್ತಾರೆ. ಸೋಮಾರಿತನ ಅಂದುಕೊಳ್ಳಬೇಡಿ, ದೇಹ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಹೊಸಬರು ಅದೇ ಸರಿಯಾದ ರೀತಿ ಅಂತ ಕಲಿತುಬಿಡುವುದು ತೊಂದರೆ.

ಹೊಸಬ_ಹೆಬ್ಬಾಳ

ಮೇಡಂ, ಹಾಗಾದ್ರೆ ಮಂಡಿಗೆ ಈಗಿನಿಂದ ಏನು ಮಾಡಲಿ? ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೀನಿ.

ಫಿಸಿಯೋ_ಸರಸ್ವತಿಪುರಂ

ಹತ್ತುವುದು ಉಸಿರಿಗೆ ಒಳ್ಳೆಯದು. ಸ್ಕೀಗೆ ಹತ್ತಿರದ್ದು ಇಳಿಯುವುದು. ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯಬೇಕು, ಸ್ಕೀಯಲ್ಲೂ ಅದೇ ನಡೆಯುವುದು. ನಂದಿ ತನಕ ನಿಧಾನವಾಗಿ, ದಬದಬ ಹೆಜ್ಜೆ ಹಾಕದೆ ಇಳಿಯಿರಿ. ಮಂಡಿ ಒಳಕ್ಕೆ ಬಾಗದೆ ಪಾದದ ನೇರಕ್ಕೇ ಇರಲಿ. ಈಗಾಗಲೇ ನೋವಿದ್ದರೆ ಇಳಿಯುವುದು ಬೇಡ, ಮೊದಲು ಯಾರಿಗಾದರೂ ತೋರಿಸಿ.

ಕಾಳಿದಾಸ_ರಸ್ತೆ

ನಾನು ಅಗಲದ ಸ್ಕೀ ವಿರೋಧಿ ಅಂತ ನಮ್ಮ ಗುಂಪಿನಲ್ಲಿ ಹೆಸರು ಮಾಡಿದ್ದೀನಿ, ಹಾಗಾಗಿ ಬರೆಯಲೇಬೇಕು. ನನ್ನದು 72. ಗೊಂಡೋಲಾದ ಮೊದಲ ಹಂತ ಮುಗಿಯುವ ಕೊಂಗ್ಡೂರಿಯಿಂದ ಮೇರೀಸ್ ಶೋಲ್ಡರ್ ಚೇರ್‌ಲಿಫ್ಟ್ ಹತ್ತಿ ಬೆಳಿಗ್ಗೆ ಗಟ್ಟಿ ಹಿಮದಲ್ಲಿ ಇಳಿಯುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಯಿಸಬಹುದು. ಒಂಟಿಕೊಪ್ಪಲ್ ಅವರ 108 ಅಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು, ಕೇಳಿಸಿಕೊಂಡಿದ್ದೀನಿ. ಉತ್ತರಾಖಂಡದ ಔಲಿಯಲ್ಲೂ ನನಗೆ ಸಣ್ಣದೇ ಸರಿ ಬಂದಿದ್ದು.

ಪೌಡರ್ ಪೌಡರ್ ಅಂತೀರಿ. 2024ರ ಜನವರಿಯ ಕೊನೆ ಬರುವವರೆಗೂ ಗುಲ್ಮಾರ್ಗ್‌ನಲ್ಲಿ ಹಿಮ ಬಿದ್ದದ್ದೇ ಕಮ್ಮಿ. ಚಿಲ್ಲೈ ಕಲಾನ್ ಅಂತ ಕಾಶ್ಮೀರಿಗಳು ಕರೆಯುವ 40 ದಿನದ ಕಡು ಚಳಿ ಡಿಸೆಂಬರ್ 21ಕ್ಕೆ ಶುರುವಾಗುತ್ತೆ. ಆ ಸಲ ಅದರಲ್ಲಿ ಮುಕ್ಕಾಲು ಪಾಲು ಹುಲ್ಲು ಕಾಣುತ್ತಿತ್ತು. ಬೆಟ್ಟ ಯಾವ ಹಿಮ ಕೊಡುತ್ತೋ ಗೊತ್ತಿಲ್ಲದೆ 115 ಹೊತ್ತುಕೊಂಡು ಹೋಗಿ ಏನು ಮಾಡ್ತೀರಿ?

ಪಾಂಡವಪುರ_ಯೂಟಾ

ಅದಕ್ಕೇ ಅಲ್ವಾ ಜನ 95-100 ತಗೊಳ್ಳೋದು. ಎರಡೂ ಕಡೆ ಪೂರ್ತಿ ಸರಿ ಬರಲ್ಲ, ಎಲ್ಲೂ ಕೈ ಕೊಡಲ್ಲ.

ನನ್ನ ದೂರು ಬೇರೆ. ಅಗಲದ ಸ್ಕೀ ಬಂದ ಮೇಲೆ ಪೌಡರ್‌ಗೆ ಇಳಿಯುವವರ ಸಂಖ್ಯೆ ವಿಪರೀತ ಏರಿದೆ. ಮೊದಲು ಅಲ್ಲಿ ಇಳಿಯಲು ಫೌಜಿ ಸಾರ್ ಹೇಳಿದ ತಾಳ ಬೇಕಿತ್ತು. ಈಗ ಸುಮಾರಾಗಿ ಬಂದರೂ ನಡೆಯುತ್ತೆ. ರಾತ್ರಿ ಹಿಮ ಬಿದ್ದರೆ ನಮ್ಮಲ್ಲಿ ಲಿಫ್ಟ್ ಶುರುವಾದ ಸ್ವಲ್ಪ ಹೊತ್ತಿಗೇ ಹತ್ತಿರದ ಇಳಿಜಾರೆಲ್ಲ ಉತ್ತು ಬಿಟ್ಟಿರುತ್ತಾರೆ. ಆಗ ಜನ ಇನ್ನೂ ದೂರ, ಇನ್ನೂ ಕಡಿದಾದ ಕಡೆ ಹೋಗ್ತಾರೆ.

ಒಂಟಿಕೊಪ್ಪಲ್_ಹುಡುಗ

ನಾನು ಈ ಥ್ರೆಡ್ ತೆಗೆದದ್ದೇ ಆ ಕೊನೇ ವಾಕ್ಯಕ್ಕೆ.

ಕಾಳಿದಾಸ ರಸ್ತೆಯವರೇ, ಪಟಪಟ ಬಡಿದಿದ್ದು ನಿಜ, ಗಟ್ಟಿ ಹಿಮದಲ್ಲಿ ನಿಮ್ಮ ಹಿಂದೆ ಬರಲು ನನ್ನಿಂದ ಆಗಲ್ಲ. ಈಗ ದೂರದ ಜಾಗದ ವಿಚಾರಕ್ಕೆ ಬರೋಣ. ಗೊಂಡೋಲಾದ ಎರಡನೇ ಹಂತ ನಮ್ಮನ್ನು ಅಫರ್ವತ್ ಬೆಟ್ಟದ ಮೇಲೆ ಸುಮಾರು 3,980 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಅಲ್ಲಿ ನಿಂತರೆ ಮುಂದೆ ಇರುವುದು ಮುಖ್ಯ ಬೌಲ್, ಅಂದರೆ ಬಟ್ಟಲಿನಂಥ ಇಳಿಜಾರು. ಸ್ಕೀ ಪಟ್ರೋಲ್‌ನವರು ನೋಡಿಕೊಳ್ಳುವುದು ಅದನ್ನು. ಅಲ್ಲಿಂದ ಎಡಕ್ಕೋ ಬಲಕ್ಕೋ ಸ್ವಲ್ಪ ನಡೆದರೆ ಸಾಕು, ಹೊಣೆ ಎಲ್ಲ ನಿಮ್ಮದೇ. ಸಣ್ಣ ಸ್ಕೀ ಹಾಕಿದ್ದಾಗ ನಾನು ಆ ಕಡೆ ತಲೆಯೂ ಹಾಕುತ್ತಿರಲಿಲ್ಲ. ಆಳದ ಹಿಮದಲ್ಲಿ ನಾಲ್ಕು ತಿರುವಿಗೇ ಸುಸ್ತಾಗುತ್ತೆ ಅಂತ ಗೊತ್ತಿತ್ತಲ್ಲ. ಆ ಸುಸ್ತೇ ನನಗೆ ಬೇಲಿ ಹಾಕಿತ್ತು. ಅಗಲದ ಸ್ಕೀ ಬೇಲಿ ಕಿತ್ತು ಹಾಕಿತು. ಆದರೆ ಬೇಲಿ ಆಚೆ ಏನಿದೆ ಅಂತ ಕಲಿಸಲಿಲ್ಲ.

ಹಿಮಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅಗಲದ ಸ್ಕೀಗೆ ಖುಷಿ ಸಿಗುವುದೂ ಹೆಚ್ಚುಕಮ್ಮಿ ಅದೇ ಇಳಿಜಾರಿನಲ್ಲಿ. ತೇಲಿಕೊಂಡು ಹೋಗುತ್ತೇವೆ ಅಂತ ಕೆಳಗಿನ ಪದರ ಸುಮ್ನೆ ಇರುವುದಿಲ್ಲ. 2023ರ ಫೆಬ್ರವರಿ 1ರಂದು ಅಫರ್ವತ್‌ನ ಹಾಪತ್‌ಖುಡ್ ಕಡೆ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರವರಿಯಲ್ಲಿ ಖಿಲನ್‌ಮರ್ಗ್ ಹತ್ತಿರ ರಷ್ಯಾದ ಒಬ್ಬರು. ಅವರು ಯಾವ ಸ್ಕೀ ಹಾಕಿದ್ದರು ಅನ್ನುವುದಲ್ಲ ಇಲ್ಲಿನ ಮಾತು. ಆ ಜಾಗಗಳಿಗೆ ಈಗ ನಮ್ಮಂಥ ವರ್ಷಕ್ಕೊಂದು ಸಲ ಬರುವವರೂ ಹೋಗುತ್ತಿದ್ದೇವೆ.

ಈ ಸಲ ನಮ್ಮ ಗುಂಪಿನಲ್ಲಿ ಒಂದು ನಿಯಮ ಮಾಡಿಕೊಂಡೆವು. ಟ್ರಾನ್ಸೀವರ್ (ಹೂತವರ ಜಾಗ ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದನೆ ಕಡ್ಡಿ), ಸಲಿಕೆ ಮೂರೂ ಇಲ್ಲದವರು, ಊರಿನ ಗೈಡ್ ಇಲ್ಲದವರು ಬೌಲ್ ದಾಟುವ ಹಾಗಿಲ್ಲ. ಮೂರೂ ಬ್ಯಾಗಲ್ಲಿದ್ದು ಬಳಸಲು ಬಾರದಿದ್ದರೂ ಇಲ್ಲದ ಹಾಗೇ. ಹೂತವರನ್ನು ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ತೆಗೆಯಬೇಕು, ಅಷ್ಟು ಹೊತ್ತಿಗೆ ಬೇರೆ ಯಾರೂ ಬರುವುದಿಲ್ಲ, ಜೊತೆಯಲ್ಲಿದ್ದವರೇ ಅಗೆಯಬೇಕು. ಹೋಟೆಲ್ ಮುಂದೆ ಒಂದು ಟ್ರಾನ್ಸೀವರನ್ನು ಹಿಮದಲ್ಲಿ ಹೂತು ಹುಡುಕಿಸಿದೆವು. 112 ಅಗಲದ ಸ್ಕೀ ಇದ್ದ ನಮ್ಮ ಒಬ್ಬ ಗೆಳೆಯ ಬ್ಯಾಟರಿಯನ್ನೇ ಹಾಕಿರಲಿಲ್ಲ.

ಫೌಜಿ_ಶ್ರೀರಂಗಪಟ್ಟಣ

ಇದು ಮಾತು. ಬೇಲಿ ದಾಟುವ ಮುಂಚೆ ಪದರ ಓದಲು ಕಲಿಯಿರಿ, ಬಿಸಿಲು ಬಿದ್ದ ಮೇಲೆ ಯಾವ ಮುಖ ಸಡಿಲ ಆಗುತ್ತೆ ನೋಡಿ. ಗಾಳಿ ಹಿಮವನ್ನು ಎಲ್ಲಿ ತಂದು ಗುಡ್ಡೆ ಹಾಕಿದೆ ಅನ್ನೋದೂ ಮುಖ್ಯ.

ಮಂಡ್ಯ_ಮೇಷ್ಟ್ರು

ನನ್ನದೊಂದು ಪ್ರಶ್ನೆ. ಮೇಲಕ್ಕೆ ನಡೆದು ಹೋಗುವವರಿಗೆ ಅಗಲ ಭಾರ ಅಲ್ವಾ?

ಒಂಟಿಕೊಪ್ಪಲ್_ಹುಡುಗ

ಭಾರ ಮೇಷ್ಟ್ರೇ. ಹಿಂದಕ್ಕೆ ಜಾರದ ಹಾಗೆ ಸ್ಕೀ ಅಡಿಗೆ ಸ್ಕಿನ್ ಅನ್ನುವ ಪಟ್ಟಿ ಅಂಟಿಸಿಕೊಂಡು ಹತ್ತುವವರು 90-100ಕ್ಕೇ ನಿಲ್ಲುತ್ತಾರೆ. ಅಡ್ಡ ಇಳಿಜಾರಿನಲ್ಲಿ ಹತ್ತುವಾಗ ಫಿಸಿಯೋ ಮೇಡಂ ಹೇಳಿದ ತೊಂದರೆ ಇನ್ನೂ ಜಾಸ್ತಿ, ಅಗಲದ್ದು ಪಾದವನ್ನು ತಿರುಚುತ್ತಲೇ ಇರುತ್ತದೆ. ಇನ್ನು ಹಿಮದ ಮೇಲೆ ದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಅಂದರೆ ಅಗಲದ ಲೆಕ್ಕ ಪೂರ್ತಿ ಉಲ್ಟಾ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಪದಕ ಗೆದ್ದ ಆಟ ಅದು. ಆ ಸ್ಕೀ ಬೂಟಿಗಿಂತಲೂ ಕಿರಿದು, 45 ಮಿ.ಮೀ. ಆಸುಪಾಸು. ಹದ ಮಾಡಿದ ದಾರಿಯಲ್ಲಿ ಉಜ್ಜುವಿಕೆ ಕಮ್ಮಿ ಇರಬೇಕು, ಅಷ್ಟೇ. ಕರ್ನಾಟಕದವರು ಹಿಮದಲ್ಲಿ ಏನು ಮಾಡ್ತಾರೆ ಅಂತ ಕೇಳುವವರಿಗೆ ಅವರ ಹೆಸರು ಹೇಳಿ.

ಹೊಸಬ_ಹೆಬ್ಬಾಳ

ಹೆಮ್ಮೆ ಸಾರ್. ನನ್ನ ಪ್ರಶ್ನೆ ಹಾಗೇ ಉಳೀತು. ಏನು ತಗೊಳ್ಳಲಿ?

ಕಾಳಿದಾಸ_ರಸ್ತೆ

ಬಾಡಿಗೆಗೆ ತಗೊಳ್ಳಿ, ಕೊಂಡುಕೊಳ್ಳಬೇಡಿ. 70ರಿಂದ 78. ನಿಮ್ಮ ಗದ್ದದಷ್ಟು ಎತ್ತರ ಸಾಕು.

ಒಂಟಿಕೊಪ್ಪಲ್_ಹುಡುಗ

ಇದರಲ್ಲಿ ನಾನೂ ಕಾಳಿದಾಸ ರಸ್ತೆಯವರ ಪಕ್ಷ. ನೀವು ಮೊದಲ ದಿನಗಳು ಇರುವುದು ಕೆಳಗಿನ ಬಯಲಿನ ಸಣ್ಣ ಇಳಿಜಾರುಗಳಲ್ಲಿ, ಹಗ್ಗದ ಲಿಫ್ಟ್ ಇರುವ ಕಡೆ. ಅಲ್ಲಿ ಹಿಮ ಎಲ್ಲರೂ ತುಳಿದು ಗಟ್ಟಿಯಾಗಿರುತ್ತದೆ. ಅಂಚು ಅಂದರೆ ಏನು ಅಂತ ಕಾಲಿಗೆ ಗೊತ್ತಾಗಬೇಕು, ಅದನ್ನು ಬೇಗ ಹೇಳಿಕೊಡುವುದು ಸಣ್ಣ ಸ್ಕೀ. ಕೆಲವು ಬಾಡಿಗೆ ಅಂಗಡಿಗಳಲ್ಲಿ ವಿದೇಶಿಯರು ಬಿಟ್ಟುಹೋದ ಅಗಲದ ಸ್ಕೀ ಹೊಳೆಯುತ್ತಾ ನಿಂತಿರುತ್ತದೆ, ಚೆನ್ನಾಗಿ ಕಾಣುತ್ತದೆ ಅಂತ ಎತ್ತಿಕೊಳ್ಳಬೇಡಿ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಮಾತ್ರ ನಿಮ್ಮ ಎದುರಿಗೇ ಸರಿ ಮಾಡಿಸಿ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಕೇಳಿ ಅದರ ಬಿಗಿ ಇಡಬೇಕು. ಏನೂ ಕೇಳದೆ ಕೊಟ್ಟರೆ ಬೇರೆ ಅಂಗಡಿಗೆ ಹೋಗಿ. ಬೈಂಡಿಂಗ್‌ನ ಎರಡು ಬ್ರೇಕ್ ಕಡ್ಡಿಗಳು ಸ್ಕೀಯ ಬದಿಗೆ ಉಜ್ಜದೆ ಮೇಲೆ ಕೆಳಗೆ ಆಡುತ್ತವಾ ಅಂತಲೂ ನೋಡಿ. ಸಣ್ಣ ಸ್ಕೀಯ ಬೈಂಡಿಂಗ್ ತೆಗೆದು ಅಗಲದ್ದಕ್ಕೆ ಹಾಕಿದ್ದರೆ ಕಡ್ಡಿ ಸಿಕ್ಕಿಕೊಂಡಿರುತ್ತದೆ.

ಪಾಂಡವಪುರ_ಯೂಟಾ

ನಾನು ಪೂರ್ತಿ ಒಪ್ಪಲ್ಲ. ವರ್ಷಕ್ಕೊಂದು ವಾರ ಸಿಗುವವರಿಗೆ 85-88 ಕೊಟ್ಟರೆ ಏನು ಹೋಗುತ್ತೆ? ವಾರದ ಕೊನೆಗೆ ಹಿಮ ಬಿದ್ದರೆ ಅದೇ ಸ್ಕೀಯಲ್ಲಿ ಒಂದಿಷ್ಟು ಪೌಡರ್ ರುಚಿಯೂ ಸಿಗುತ್ತದೆ. ಅದು ಸಿಗದೆ ವಾಪಸ್ ಬಂದವರು ಎಷ್ಟೋ ಜನ ಮತ್ತೆ ಹೋಗಿಲ್ಲ.

ಫಿಸಿಯೋ_ಸರಸ್ವತಿಪುರಂ

85ರವರೆಗೆ ಮಂಡಿ ಪರವಾಗಿ ನನ್ನ ತಕರಾರಿಲ್ಲ.

ಫೌಜಿ_ಶ್ರೀರಂಗಪಟ್ಟಣ

ನನ್ನ ತಕರಾರಿದೆ, ಆದರೆ ನಾಳೆ ಬರೆಯುತ್ತೇನೆ. ಮೊಮ್ಮಗ ಫೋನ್ ಕೇಳುತ್ತಿದ್ದಾನೆ.

ಹೊಸಬ_ಹೆಬ್ಬಾಳ

78 ತಗೊಂಡು ಶುರು ಮಾಡ್ತೀನಿ, ಹಿಮ ಬಿದ್ದರೆ ಒಂದು ದಿನ 88 ಬಾಡಿಗೆಗೆ ಹಾಕಿ ನೋಡ್ತೀನಿ. ಮೇಡಂ, ನಾಳೆ ಬೆಳಿಗ್ಗೆ ಮೆಟ್ಟಿಲು ಇಳಿಯೋಕೆ ಹೋಗ್ತಿದ್ದೀನಿ. ಕೆಳಗೆ ಬಂದ ಮೇಲೆ ಕಾಲು ನಡುಗಿದರೆ ಅದು ಸರೀನಾ, ಜಾಸ್ತಿಯಾಯ್ತು ಅಂತಾನಾ?

ಫಿಸಿಯೋ_ಸರಸ್ವತಿಪುರಂ

ಸ್ವಲ್ಪ ನಡುಗಿದರೆ ಸರಿ. ಮರುದಿನ ಮನೆ ಮೆಟ್ಟಿಲು ಇಳಿಯಲೂ ಆಗದಿದ್ದರೆ ಜಾಸ್ತಿಯಾಯಿತು ಅಂತ, ಎರಡು ದಿನ ಬಿಡಿ.